‘ಚೆಕ್’ ಒಂದೇ ಪದವೋ, ನಾಲ್ಕಾರು ಪದಗಳೋ?

ಗೆರೆಪುಸ್ತಕ:

ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ. ಪದಗಳ ಹುಚ್ಚು ಇರುವವರು ಯಾರಾದರೂ ಬಿಡಿಸಿ ಹೇಳಿ.

ಇಂಗ್ಲಿಷಿನ ‘ಚೆಕ್’ ತಗೊಳ್ಳಿ. ಬಾಗಿಲು ಹಾಕಿದೆಯಾ ಅಂತ ಚೆಕ್ ಮಾಡುತ್ತೇವೆ. ಬ್ಯಾಂಕಿಗೆ ಚೆಕ್ ಹಾಕುತ್ತೇವೆ. ಚೆಸ್ ಆಡುವಾಗ ರಾಜನಿಗೆ ಚೆಕ್ ಕೊಡುತ್ತೇವೆ. ಚೌಕಳಿ ಬಟ್ಟೆಗೆ ಚೆಕ್ಸ್ ಅನ್ನುತ್ತೇವೆ. ಅಮೆರಿಕದವರು ಊಟ ಮುಗಿಸಿ ‘ಚೆಕ್ ತನ್ನಿ’ ಅಂದರೆ ಬಿಲ್ ತನ್ನಿ ಅಂತ, ಉತ್ತರದ ಪಕ್ಕ ಹಾಕುವ ಸರಿ ಗುರುತಿಗೂ ಅವರ ಬಾಯಲ್ಲಿ ಅದೇ ಹೆಸರು. ಸಾಲದ್ದಕ್ಕೆ ಐಸ್ ಹಾಕಿಯಲ್ಲಿ ಎದುರಾಳಿಗೆ ಭುಜ ಕೊಟ್ಟು ತಡೆದರೆ ಅದೂ ಚೆಕ್!

ಇವೆಲ್ಲ ಬೇರೆ ಬೇರೆ ಪದಗಳು, ಕಾಲ ಕಳೆದ ಹಾಗೆ ಉಚ್ಚಾರ ಸವೆದು ಒಂದೇ ಥರ ಕೇಳಿಸುತ್ತಿವೆ ಅಂತ ನನ್ನ ಊಹೆ. ‘ಬ್ಯಾಟ್’ ಇದೆಯಲ್ಲ, ಕ್ರಿಕೆಟ್ಟಿನದೂ ಬಾವಲಿಯದೂ, ಅದರ ಹಾಗೆ. ಆದರೆ ನನ್ನ ಸ್ನೇಹಿತ ಒಬ್ಬ ಇದೆಲ್ಲ ಪರ್ಷಿಯಾದ ರಾಜನಿಂದ ಬಂದದ್ದು ಅಂತ ವಾದ ಮಾಡುತ್ತಾನೆ. ನಂಬಬಹುದಾ?

ಹಳೇ_ಗುಮಾಸ್ತ:

ನಂಬಿ. ನೀವು ಹೆಸರಿಸಿದ ಅಷ್ಟೂ ಚೆಕ್‌ಗಳು ಒಂದೇ ವಂಶದವು. ಬಾವಲಿ ಮತ್ತು ಕ್ರಿಕೆಟ್ ಬ್ಯಾಟಿನ ವಿಷಯದಲ್ಲಿ ನಿಮ್ಮ ಊಹೆ ಸರಿ, ಅವೆರಡಕ್ಕೆ ಸಂಬಂಧ ಇಲ್ಲ. ಬಾವಲಿಯನ್ನು ಹಿಂದೆ ಇಂಗ್ಲಿಷಿನಲ್ಲಿ ‘ಬಕ್ಕೆ’ ಅನ್ನುತ್ತಿದ್ದರು, ಆಮೇಲೆ ಹೇಗೋ ‘ಬ್ಯಾಟ್’ ಆಯಿತು. ಚೆಕ್ ಹಾಗಲ್ಲ.

ಮೂಲ ಪರ್ಷಿಯನ್ನಿನ ‘ಶಾಹ್’. ರಾಜ. ಭಾರತದ ಚದುರಂಗ ಸುಮಾರು 6ನೇ ಶತಮಾನದ ಹೊತ್ತಿಗೆ ಪರ್ಷಿಯಾಕ್ಕೆ ಹೋಗಿ ‘ಚತ್ರಂಗ್’ ಆಯಿತು. 7ನೇ ಶತಮಾನದಲ್ಲಿ ಅರಬರು ಪರ್ಷಿಯಾ ಗೆದ್ದರು, ಅವರ ಬಾಯಲ್ಲಿ ಅದು ‘ಶತ್ರಂಜ್’ ಆಯಿತು. ಎದುರಾಳಿಯ ರಾಜನ ಮೇಲೆ ಕಾಯಿ ಏರಿಹೋದಾಗ ‘ಶಾಹ್!’ ಅಂತ ಕೂಗಿ ಎಚ್ಚರಿಸುವುದು ವಾಡಿಕೆ. ನಿನ್ನ ರಾಜನ್ನ ನೋಡ್ಕೋ ಅಂತ. ಆಟ ಅರಬರ ಕೈಯಿಂದ ಯುರೋಪಿಗೆ ದಾಟಿದಾಗ ಆ ಕೂಗೂ ದಾಟಿತು. ಲ್ಯಾಟಿನ್ ಬರೆಯುವವರು ಅದನ್ನು ‘ಸ್ಕಾಕಸ್’ ಮಾಡಿಕೊಂಡರು, ಹಳೆಯ ಫ್ರೆಂಚರು ‘ಎಸ್ಚೆಕ್’ ಅಂದರು, ಇಂಗ್ಲಿಷರು ಮುಂದಿನ ‘ಎಸ್’ ಬಿಟ್ಟು ‘ಚೆಕ್’ ಅಂದರು.

ಆ ಎಸ್ಚೆಕ್‌ನ ಬಹುವಚನ ‘ಎಸ್ಚೆಸ್’. ಅದೇ ಇಂಗ್ಲಿಷಿನಲ್ಲಿ ‘ಚೆಸ್’. ಅಂದರೆ ಚೆಸ್ ಅನ್ನುವ ಹೆಸರಿಗೆ ನಿಜವಾದ ಅರ್ಥ ‘ರಾಜರುಗಳು’! ಚೆಸ್ ಮತ್ತು ಚೆಕ್ ಒಂದೇ ಪದದ ಎರಡು ರೂಪ ಅನ್ನುವುದು ಆಡುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಈಗ ಅರ್ಥ ಹೇಗೆ ಹೊರಳಿತು ಅನ್ನುವುದು. ಚೆಕ್ ಬಿದ್ದ ಕೂಡಲೇ ಆಡುವವನ ಎಲ್ಲ ಯೋಚನೆಯೂ ನಿಲ್ಲುತ್ತದೆ, ಬೇರೆ ಏನೇ ಹೂಡಿದ್ದರೂ ಮೊದಲು ರಾಜನನ್ನು ಉಳಿಸಿಕೊಳ್ಳಬೇಕು, ಅದು ಆಟದ ನಿಯಮ. ಹಾಗಾಗಿ ಪದ ಚದುರಂಗದ ಮಣೆಯಿಂದ ಹೊರಗೆ ಬಂದಾಗ ಮೊದಲು ಸಿಕ್ಕ ಅರ್ಥ ‘ಹಠಾತ್ ತಡೆ’. 14ನೇ ಶತಮಾನದ ಕೊನೆಯ ಹೊತ್ತಿಗೇ ಈ ಬಳಕೆ ಇತ್ತು. ನಿಮ್ಮ ಐಸ್ ಹಾಕಿಯ ಚೆಕ್ ಈ ಹಳೇ ಅರ್ಥದ್ದೇ. ಬೇಟೆ ಗಿಡುಗ ಸಾಕುವವರಲ್ಲೂ ಇದು ಇತ್ತು. ಗಿಡುಗ ಅಟ್ಟಿಸಿಕೊಂಡು ಹೋಗುತ್ತಿದ್ದ ಹಕ್ಕಿಯನ್ನು ಬಿಟ್ಟು ಇನ್ಯಾವುದೋ ಹಕ್ಕಿಯ ಹಿಂದೆ ಬಿದ್ದರೆ ಅದಕ್ಕೆ ಚೆಕ್ ಅನ್ನುತ್ತಿದ್ದರು.

ತಡೆಯಿಂದ ಹಿಡಿತ. ಸರ್ಕಾರದ ಒಂದು ಅಂಗ ಇನ್ನೊಂದನ್ನು ಅಂಕೆಯಲ್ಲಿ ಇಡುವುದಕ್ಕೆ ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ ಅನ್ನುತ್ತಾರಲ್ಲ, ಅಲ್ಲಿ ‘ಚೆಕ್’ ಅಂದರೆ ಪರೀಕ್ಷೆ ಅಲ್ಲ, ಕಡಿವಾಣ. ಹಿಡಿತದಿಂದ ಲೆಕ್ಕ: ಗುಮಾಸ್ತ ಕದಿಯದ ಹಾಗೆ ತಡೆಯಬೇಕು ಅಂದರೆ ಇನ್ನೊಂದು ಪುಸ್ತಕ ಇಟ್ಟು ಎರಡನ್ನೂ ತಾಳೆ ನೋಡಬೇಕು. 17ನೇ ಶತಮಾನದ ಕೊನೆಗೆ ಈ ‘ತಾಳೆ ನೋಡು’ ಅನ್ನುವ ಅರ್ಥ ಗಟ್ಟಿಯಾಯಿತು. ಇವತ್ತು ನಾವು ದಿನಕ್ಕೆ ಹತ್ತು ಸಲ ಮಾಡುವ ಚೆಕ್ ಅದರ ಮರಿ. ತಾಳೆ ನೋಡಿ ಆದ ಮೇಲೆ ಪಕ್ಕದಲ್ಲಿ ಗೀಚುವ ಗುರುತೂ ಚೆಕ್ ಆಯಿತು.

ಸುಮ್ನೆ_ಓದುವವ:

ಅಂದರೆ ನಾನು ದಿನಾ ಬೆಳಿಗ್ಗೆ ಎದ್ದು ಫೋನ್ ಚೆಕ್ ಮಾಡುವಾಗ ‘ರಾಜಾ, ರಾಜಾ’ ಅಂತ ಕೂಗುತ್ತಿದ್ದೇನೆ. ಒಳ್ಳೇದು.

ಲೆಕ್ಕದ_ಮಣೆ:

ಗುಮಾಸ್ತರೇ, ಚೌಕಳಿ ಮತ್ತು ಬ್ಯಾಂಕಿನ ಚೆಕ್ ಬಿಟ್ಟುಬಿಟ್ಟಿರಲ್ಲ! ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಭಾಗವೇ ಅದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಚೆಸ್ ಆಡುವ ಮಣೆಗೆ ಹಳೆಯ ಫ್ರೆಂಚಿನಲ್ಲಿ ‘ಎಸ್ಚೆಕಿಯೆ’ ಅನ್ನುತ್ತಿದ್ದರು. ಇಂಗ್ಲಿಷಿಗೆ ಅದು ‘ಚೆಕರ್’ ಆಗಿ ಬಂತು. ಮಣೆಯ ಮೇಲೆ ಇರುವುದು ಚೌಕಗಳು, ಹಾಗಾಗಿ ಚೌಕ ಚೌಕ ಇರುವ ಯಾವ ವಿನ್ಯಾಸವಾದರೂ ಚೆಕರ್. ಅದನ್ನು ಮೊಟಕು ಮಾಡಿದರೆ ಚೆಕ್. ಬಟ್ಟೆಯ ಚೆಕ್ಸ್ ಹುಟ್ಟಿದ್ದು ಹೀಗೆ. ಅಮೆರಿಕದವರು ಡ್ರಾಫ್ಟ್ಸ್ ಆಟಕ್ಕೆ ಚೆಕರ್ಸ್ ಅನ್ನುವುದೂ ಅದೇ ಮಣೆಯ ಮೇಲೆ ಆಡುವುದರಿಂದ.

ಈಗ 12ನೇ ಶತಮಾನದ ಇಂಗ್ಲೆಂಡಿಗೆ ಬನ್ನಿ. ಒಂದನೇ ಹೆನ್ರಿಯ ಕಾಲದಿಂದ ಅರಸನ ಆದಾಯದ ಲೆಕ್ಕ ನೋಡುವ ಕಚೇರಿಯಲ್ಲಿ ಒಂದು ದೊಡ್ಡ ಮೇಜು ಇತ್ತು. ಸುಮಾರು 10 ಅಡಿ ಉದ್ದ, 5 ಅಡಿ ಅಗಲ. ಕಾಯಿಗಳು ಉರುಳಿ ಬೀಳದ ಹಾಗೆ ಸುತ್ತಲೂ ಅಂಚು. ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ ಹಾಸುತ್ತಿದ್ದರು. ಆಗ ಬರೆಯಲು ಇದ್ದದ್ದು ರೋಮನ್ ಅಂಕಿ, ಅದರಲ್ಲಿ ಕೂಡಿ ಕಳೆಯುವುದು ಅಂದರೆ ಪ್ರಾಣಸಂಕಟ. ಅದಕ್ಕೇ ಪೆನ್ನಿ, ಶಿಲ್ಲಿಂಗ್, ಪೌಂಡ್, ಇಪ್ಪತ್ತು ಪೌಂಡ್, ನೂರು ಪೌಂಡ್ ಹೀಗೆ ಒಂದೊಂದಕ್ಕೂ ಒಂದೊಂದು ಅಂಕಣ ಮಾಡಿ ಅದರಲ್ಲಿ ಬಿಲ್ಲೆ ಇಟ್ಟು ಲೆಕ್ಕ ಹಾಕುತ್ತಿದ್ದರು. ಒಂದೊಂದು ಪ್ರಾಂತ್ಯದ ಅಧಿಕಾರಿಯೂ, ಅಂದರೆ ಶೆರಿಫ್, ಬಂದು ಕೂತು ವಸೂಲಿ ಮಾಡಿದ ಹಣಕ್ಕೆ ಉತ್ತರ ಹೇಳಬೇಕು. ನೋಡುವವರಿಗೆ ಥೇಟ್ ಚೆಸ್ ಮಣೆ. ಕಚೇರಿಗೇ ‘ಎಕ್ಸ್‌ಚೆಕರ್’ ಅಂತ ಹೆಸರು ಬಿತ್ತು.

ಇದು ಯಾರೋ ಆಮೇಲೆ ಕಟ್ಟಿದ ಕಥೆ ಅಲ್ಲ. ಆ ಕಚೇರಿಯ ಖಜಾಂಚಿಯೇ ಆಗಿದ್ದ ರಿಚರ್ಡ್ ಫಿಟ್ಸ್‌ನೀಲ್ ಅದೇ ಶತಮಾನದಲ್ಲಿ ಲ್ಯಾಟಿನ್‌ನಲ್ಲಿ ಪ್ರಶ್ನೋತ್ತರದ ಧಾಟಿಯಲ್ಲಿ ಪುಸ್ತಕ ಬರೆದು ಈ ಹೆಸರಿನ ವಿಷಯ ಎತ್ತುತ್ತಾನೆ. ಮೇಜು ಚೆಸ್ ಮಣೆಯ ಹಾಗಿದೆ ಅನ್ನುವುದು ಒಂದು ಕಾರಣ. ಅಲ್ಲಿ ಇಬ್ಬರು ರಾಜರ ನಡುವೆ ಕದನವಾದರೆ ಇಲ್ಲಿ ಖಜಾಂಚಿಗೂ ಶೆರಿಫ್‌ಗೂ ಕದನ ಅನ್ನುವುದು ಇನ್ನೊಂದು. ಸರ್ಕಾರಿ ಲೆಕ್ಕದ ಪುಸ್ತಕದಲ್ಲಿ ಇಷ್ಟು ಚೆಂದದ ಹೋಲಿಕೆ ಇರುತ್ತದೆ ಅಂತ ಯಾರು ಅಂದುಕೊಂಡಿರುತ್ತಾರೆ!

ಬ್ರಿಟನ್ನಿನ ಹಣಕಾಸು ಮಂತ್ರಿ ಇವತ್ತಿಗೂ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’. ಯೋಚಿಸಿ ನೋಡಿದರೆ ಚದುರಂಗದ ಮಣೆಯ ಮಂತ್ರಿ. ಆ ‘ಎಕ್ಸ್’ ಕೂಡ ಸುಮ್ನೆ ಬಂದದ್ದು, ಫ್ರೆಂಚಿನ ‘ಎಸ್’ ಅಂದರೆ ಲ್ಯಾಟಿನ್ನಿನ ‘ಎಕ್ಸ್’ ಇರಬೇಕು ಅಂತ ಯಾರೋ ಪಂಡಿತರು ತಿದ್ದಿ ಹಾಗೆ ಬರೆದರು.

ಅಂದ ಹಾಗೆ ಅದೇ ಎಕ್ಸ್‌ಚೆಕರ್‌ನಲ್ಲಿ ಹಣ ಕೊಟ್ಟಿದ್ದಕ್ಕೆ ರಸೀದಿಯಾಗಿ ಕಚ್ಚು ಹಾಕಿದ ಮರದ ಕಡ್ಡಿಗಳನ್ನು ಕೊಡುತ್ತಿದ್ದರು. ಕಡ್ಡಿಯನ್ನು ಉದ್ದಕ್ಕೆ ಸೀಳಿ ಒಂದು ಹೋಳು ಇವರ ಹತ್ತಿರ, ಒಂದು ಅವರ ಹತ್ತಿರ. ಎರಡೂ ಕೂಡಿಸಿದಾಗ ಕಚ್ಚು ಸರಿಹೊಂದಿದರೆ ಲೆಕ್ಕ ಸರಿ. 19ನೇ ಶತಮಾನದವರೆಗೂ ಇದು ನಡೆಯಿತು. 1834ರಲ್ಲಿ ಬೇಡವಾದ ಕಡ್ಡಿಗಳ ರಾಶಿಯನ್ನು ಪಾರ್ಲಿಮೆಂಟಿನ ಒಲೆಯಲ್ಲಿ ಸುಡಲು ಹೋಗಿ ಕಟ್ಟಡವೇ ಹೊತ್ತಿ ಉರಿಯಿತು. ವಿಷಯ ಬಿಟ್ಟು ಹೋದೆ, ಆದರೆ ಹೇಳದೇ ಇರಲು ಆಗಲಿಲ್ಲ.

ಬ್ಯಾಂಕಿನ ಚೆಕ್: 18ನೇ ಶತಮಾನದ ಆರಂಭದಲ್ಲಿ ‘ಚೆಕ್’ ಅಂದರೆ ಹಣ ಕೊಡುವ ಕಾಗದ ಅಲ್ಲ, ಪುಸ್ತಕದಲ್ಲಿ ಉಳಿಯುವ ಕೌಂಟರ್‌ಫಾಯಿಲ್. ಕಾಗದವನ್ನು ಯಾರಾದರೂ ತಿದ್ದಿದರೆ ಇದನ್ನು ಇಟ್ಟು ತಾಳೆ ನೋಡಿ ಮೋಸ ತಡೆಯಬಹುದು, ಅದಕ್ಕೆ ಆ ಹೆಸರು. ನಿಧಾನಕ್ಕೆ ಹೆಸರು ಉಳಿದ ತುಂಡಿನಿಂದ ಹರಿದು ಕೊಡುವ ತುಂಡಿಗೆ ಜಾರಿತು. ಬ್ರಿಟಿಷರು ಅದರ ಸ್ಪೆಲ್ಲಿಂಗ್ ಮಾತ್ರ ಎಕ್ಸ್‌ಚೆಕರ್ ನೋಡಿಕೊಂಡು ಬೇರೆ ಮಾಡಿದರು. ಅಮೆರಿಕದವರು ಎಲ್ಲದಕ್ಕೂ ಒಂದೇ ಸ್ಪೆಲ್ಲಿಂಗ್ ಇಟ್ಟುಕೊಂಡರು. ನನ್ನ ಮಟ್ಟಿಗೆ ಅಮೆರಿಕದವರದ್ದೇ ಸರಿ. ಬ್ರಿಟಿಷರು ಒಂದೇ ಪದವನ್ನು ಎರಡು ಥರ ಬರೆದು ಎರಡು ಬೇರೆ ಪದ ಅನ್ನುವ ಭ್ರಮೆ ಹುಟ್ಟಿಸಿದರು, ಅಷ್ಟೇ.

ಮರಳುಗಾಡು:

ಬ್ಯಾಂಕ್ ಚೆಕ್ ವಿಷಯದಲ್ಲಿ ಒಪ್ಪುವುದು ಕಷ್ಟ. ಅರಬ್ಬಿಯಲ್ಲಿ ‘ಸಕ್ಕ್’ ಅನ್ನುವ ಪದ ಇದೆ. ಬರೆದುಕೊಟ್ಟ ಪತ್ರ, ಹಣದ ಪತ್ರ ಅಂತ ಅರ್ಥ. ಇಂಗ್ಲೆಂಡಿನಲ್ಲಿ ಬ್ಯಾಂಕ್ ಅನ್ನುವುದೇ ಇಲ್ಲದ ಕಾಲದಲ್ಲಿ ಅರಬ್ ವ್ಯಾಪಾರಿಗಳು ದೂರದ ಊರುಗಳ ನಡುವೆ ಇದನ್ನು ಬಳಸುತ್ತಿದ್ದರು. ಕೆಲಸವೂ ಅದೇ, ಶಬ್ದವೂ ಹೆಚ್ಚು ಕಡಿಮೆ ಅದೇ. ಇಷ್ಟು ಹತ್ತಿರ ಇರುವಾಗ ಚೆಸ್ ಮಣೆ, ಕೌಂಟರ್‌ಫಾಯಿಲ್ ಅಂತ ಸುತ್ತಿ ಬಳಸಿ ಹೋಗುವುದು ಯಾಕೆ?

ಲೆಕ್ಕದ_ಮಣೆ:

ಸಕ್ಕ್ ಇದ್ದದ್ದು ನಿಜ, ಅದರ ಕೆಲಸದ ಬಗ್ಗೆಯೂ ನಿಮ್ಮ ಜೊತೆ ಜಗಳ ಇಲ್ಲ. ಚೆಕ್ ಅನ್ನುವ ವಸ್ತು ಹೊಳೆದದ್ದು ಯಾರಿಗೆ ಮೊದಲು ಅಂತ ಕೇಳಿದರೆ ಅರಬರನ್ನು ಖಂಡಿತ ಹೆಸರಿಸಬೇಕು. ಆದರೆ ವಸ್ತುವಿನ ಇತಿಹಾಸ ಬೇರೆ, ಹೆಸರಿನ ಇತಿಹಾಸ ಬೇರೆ.

ಇಂಗ್ಲೆಂಡಿನಲ್ಲಿ ಉಳಿದಿರುವ ಬಹಳ ಹಳೆಯ ಚೆಕ್ಕು 1659ರದ್ದು, 400 ಪೌಂಡಿನದು. ಆಗ ಅದನ್ನು ಚೆಕ್ ಅಂತ ಕರೆಯುತ್ತಲೇ ಇರಲಿಲ್ಲ, ಬರೆದುಕೊಟ್ಟ ಚೀಟಿ ಅನ್ನುವ ಅರ್ಥದ ‘ಡ್ರಾನ್ ನೋಟ್’ ಅನ್ನುತ್ತಿದ್ದರು. ಅಂದರೆ ವಸ್ತು ಮೊದಲು ಬಂತು, ಹೆಸರು ಎಷ್ಟೋ ವರ್ಷ ಬಿಟ್ಟು ಬಂತು. ಬಂದಾಗಲೂ ಮೊದಲು ಅಂಟಿಕೊಂಡದ್ದು ಕೌಂಟರ್‌ಫಾಯಿಲಿಗೆ. ಅರಬ್ಬಿಯಿಂದ ಪದ ವಸ್ತುವಿನ ಜೊತೆಗೇ ಬಂದಿದ್ದರೆ ಹೀಗಾಗಲು ಕಾರಣ ಏನು? ಫ್ರೆಂಚರ ‘ಶೆಕ್’ ಕೂಡ ಇಂಗ್ಲಿಷಿನಿಂದ ತಗೊಂಡದ್ದೇ. ಅರಬ್ಬಿಗೆ ಹತ್ತಿರದ ದಾರಿ ಸ್ಪೇನ್, ಇಟಲಿಯದು. ಪದ ಆ ದಾರಿಯಲ್ಲಿ ಬಂದಿದ್ದರೆ ಇಂಗ್ಲಿಷಿಗಿಂತ ಮುಂಚೆ ಅಲ್ಲಿ ಹೆಜ್ಜೆ ಗುರುತು ಸಿಗಬೇಕಿತ್ತು.

ಶಬ್ದ ಹತ್ತಿರ ಇದೆ ಅನ್ನುವುದೊಂದನ್ನೇ ಹಿಡಿದು ಹೋದರೆ ಬಾವಲಿ ಕೈಯಲ್ಲಿ ಕ್ರಿಕೆಟ್ ಆಡಿಸಬೇಕಾಗುತ್ತದೆ.

ಗೆರೆಪುಸ್ತಕ:

ಇಷ್ಟು ಬರುತ್ತದೆ ಅಂತ ಎಣಿಸಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಇನ್ನು ಮೂರು ಚಿಲ್ಲರೆ ಪ್ರಶ್ನೆ. ಒಂದು, ನಮ್ಮ ‘ಚೌಕ’, ‘ಚೌಕಳಿ’ಗೂ ಚೆಕ್‌ಗೂ ನಂಟು ಇದೆಯಾ? ಎರಡು, ಚೆಕ್ ಗಣರಾಜ್ಯ? ಮೂರು, ಅಮೆರಿಕದವರು ಹೇಳುವ ‘ರೇನ್ ಚೆಕ್’ ಏನು, ಅಲ್ಲಿ ಮಳೆ ಯಾಕೆ ಬಂತು?

ಹಳೇ_ಗುಮಾಸ್ತ:

ಚೌಕಕ್ಕೆ ನಂಟಿಲ್ಲ. ಅದು ಸಂಸ್ಕೃತದ ‘ಚತುಷ್ಕ’ದಿಂದ, ನಾಲ್ಕು ಅನ್ನುವುದರಿಂದ ಬಂದದ್ದು. ಚೆಕ್ ದೇಶಕ್ಕೂ ಇಲ್ಲ, ಅದು ಆ ಜನ ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು. ಚೆಕ್ ಅನ್ನುವ ಮೂಲಪುರುಷನಿದ್ದ ಅಂತ ಅವರಲ್ಲಿ ಐತಿಹ್ಯ ಇದೆ. ಅದರ ವಿಚಿತ್ರ ಇಂಗ್ಲಿಷ್ ಸ್ಪೆಲ್ಲಿಂಗ್ ಪೋಲಿಷ್ ಭಾಷೆಯಿಂದ ಎತ್ತಿಕೊಂಡದ್ದು.

ರೇನ್ ಚೆಕ್ ಬೇಸ್‌ಬಾಲಿನದು, 1880ರ ದಶಕದ ಸುಮಾರಿಗೆ ಶುರುವಾಯಿತು. ಮಳೆ ಬಂದು ಆಟ ನಿಂತರೆ ಅದೇ ಚೀಟಿ ತೋರಿಸಿ ಇನ್ನೊಂದು ದಿನದ ಆಟ ನೋಡಬಹುದಿತ್ತು. ಇಲ್ಲಿ ಚೆಕ್ ಅಂದರೆ ಗುರುತಿನ ಚೀಟಿ ಅಥವಾ ಬಿಲ್ಲೆ. ಸಾಮಾನು ಒಪ್ಪಿಸಿದಾಗ, ಕೋಟು ಬಿಚ್ಚಿ ಕೊಟ್ಟಾಗ ಒಂದು ಬಿಲ್ಲೆ ಕೊಡುತ್ತಾರಲ್ಲ, ವಾಪಸ್ ತಗೊಳ್ಳುವಾಗ ತಾಳೆ ನೋಡಲು, ಅದು. ಈಗ ಯಾರಾದರೂ ಕರೆದಾಗ ‘ಇವತ್ತು ಆಗಲ್ಲ, ಇನ್ನೊಮ್ಮೆ ಬರುತ್ತೇನೆ’ ಅನ್ನಲು ಇದನ್ನೇ ಹೇಳುತ್ತಾರೆ. ಊಟದ ಬಿಲ್ಲು ಚೆಕ್ ಆದದ್ದೂ ಹೆಚ್ಚು ಕಡಿಮೆ ಇದೇ ಚೀಟಿಯ ದಾರಿಯಲ್ಲಿ.

ಕಲ್ಬರಹ:

ಎಲ್ಲರೂ ಶಾಹ್‌ನಲ್ಲಿಗೇ ನಿಲ್ಲಿಸಿದ್ದೀರಿ. ಇನ್ನೊಂದು ಮೆಟ್ಟಿಲು ಹಿಂದೆ ಹೋದರೆ ನಮಗೆ ಗುರುತಿನವರೇ ಸಿಗುತ್ತಾರೆ.

ಹಳೆಯ ಪರ್ಷಿಯನ್ನಿನಲ್ಲಿ ರಾಜನಿಗೆ ‘ಕ್ಷಾಯಥಿಯ’ ಅನ್ನುತ್ತಿದ್ದರು. ಇರಾನಿನ ಬೆಹಿಸ್ತೂನ್ ಬಂಡೆಯ ಮೇಲೆ ಸುಮಾರು 2500 ವರ್ಷ ಹಿಂದೆ ಒಂದನೇ ದಾರಿಯಸ್ ಕೆತ್ತಿಸಿದ ಶಾಸನ ಶುರುವಾಗುವುದೇ ‘ನಾನು ದಾರಿಯಸ್, ಮಹಾರಾಜ, ರಾಜರ ರಾಜ’ ಅಂತ. ಆ ‘ರಾಜರ ರಾಜ’ ಅನ್ನುವುದು ಮೂಲದಲ್ಲಿ ‘ಕ್ಷಾಯಥಿಯ ಕ್ಷಾಯಥಿಯಾನಾಮ್’. ಕೊನೆಯ ‘ಆನಾಮ್’ ಕೇಳಿ, ಶಾಲೆಯಲ್ಲಿ ಬಾಯಿಪಾಠ ಮಾಡಿದ ‘ರಾಮಾಣಾಂ’ ಷಷ್ಠೀ ಬಹುವಚನ ನೆನಪಾಗುವುದಿಲ್ಲವೇ? ಇದೇ ಸವೆದು ಸವೆದು ‘ಶಾಹನ್ ಶಾಹ್’ ಆಯಿತು, ಒಂಟಿಯಾಗಿ ‘ಶಾಹ್’ ಆಯಿತು. ನಮ್ಮ ‘ಬಾದಶಹ’ದ ಒಳಗೆ ಕೂತಿರುವವನೂ ಇವನೇ.

ಆ ಕ್ಷಾಯಥಿಯದ ಬೇರು, ಆಳು ಅನ್ನುವ ಅರ್ಥದ್ದು, ಸಂಸ್ಕೃತದ ‘ಕ್ಷತ್ರ’, ‘ಕ್ಷತ್ರಿಯ’ಗಳ ಬೇರು ಕೂಡ. ಪರ್ಷಿಯಾದ ಪ್ರಾಂತ್ಯಾಧಿಕಾರಿಗಳಿಗೆ ಇಂಗ್ಲಿಷಿನಲ್ಲಿ ‘ಸಾಟ್ರಪ್’ ಅನ್ನುತ್ತಾರೆ, ಅದೇ ನಮ್ಮ ಇತಿಹಾಸದ ಪುಸ್ತಕದಲ್ಲಿ ಬರುವ ‘ಕ್ಷತ್ರಪ’. ಹಾಗಾಗಿ ಚೆಕ್, ಚೆಸ್, ಎಕ್ಸ್‌ಚೆಕರ್, ಸಾಟ್ರಪ್, ಬಾದಶಹ, ಕ್ಷತ್ರಿಯ ಎಲ್ಲರೂ ಹತ್ತಿರದ ಅಥವಾ ದೂರದ ನೆಂಟರು. ಚೆಕ್ ಸಂಸ್ಕೃತದಿಂದ ಹುಟ್ಟಿತು ಅಂತ ಮಾತ್ರ ಯಾರೂ ಓದಿಕೊಳ್ಳಬೇಡಿ, ದಯವಿಟ್ಟು. ಸಂಸ್ಕೃತ ಮತ್ತು ಹಳೆಯ ಪರ್ಷಿಯನ್ ಅಕ್ಕತಂಗಿಯರು, ತಾಯಿಮಗಳಲ್ಲ.

ಇನ್ನೊಂದು ಮಜಾ. ಯುರೋಪಿನ ಬಹುತೇಕ ಭಾಷೆಗಳು ಆಟಕ್ಕೆ ರಾಜನ ಹೆಸರು ಇಟ್ಟವು. ಜರ್ಮನ್ನಿನಲ್ಲಿ ‘ಶಾಖ್’, ಇಟಾಲಿಯನ್ನಿನಲ್ಲಿ ‘ಸ್ಕಾಕಿ’. ಫ್ರೆಂಚಿನಲ್ಲಿ ಬಹುವಚನವಾದರೆ ಚೆಸ್, ಏಕವಚನವಾದರೆ ‘ಸೋಲು’, ಪರೀಕ್ಷೆಯಲ್ಲಿ ಫೇಲಾದರೂ ಅದೇ ಪದ! ಆದರೆ ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಮಾತ್ರ ಶತ್ರಂಜ್ ಅನ್ನೇ, ಅಂದರೆ ನಮ್ಮ ಚದುರಂಗವನ್ನೇ ಉಳಿಸಿಕೊಂಡವು. ಪೋರ್ಚುಗೀಸಿನಲ್ಲಿ ‘ಶದ್ರೇಸ್’. ಅವರೂ ಮಣೆ ನೋಡಿ ಚೌಕಳಿ ಬಟ್ಟೆಗೆ ಅದೇ ಹೆಸರು ಕೊಟ್ಟಿದ್ದಾರೆ. ಆಡುಮಾತಿನಲ್ಲಿ ಜೈಲಿಗೂ ಶದ್ರೇಸ್ ಅನ್ನುತ್ತಾರೆ. ಎರಡು ಬೇರೆ ಹೆಸರು, ಎರಡೂ ಮಣೆಯಿಂದ ಬಟ್ಟೆಗೆ ಹಾರಿವೆ.

ಮರಳುಗಾಡು:

ಸಕ್ಕ್ ಬಗ್ಗೆ ನನ್ನ ಅನುಮಾನ ಪೂರ್ತಿ ಹೋಗಿಲ್ಲ, ಇರಲಿ. ‘ಚೆಕ್‌ಮೇಟ್’ ಆದರೂ ಅರಬ್ಬಿಗೆ ಬಿಟ್ಟುಕೊಡಿ. ‘ಶಾಹ್ ಮಾತ್’. ಅರಬ್ಬಿಯಲ್ಲಿ ‘ಮಾತ’ ಅಂದರೆ ಸತ್ತ. ರಾಜ ಸತ್ತ.

ಹಳೇ_ಗುಮಾಸ್ತ:

ಅದನ್ನೂ ಬಿಟ್ಟುಕೊಡಲು ಮನಸ್ಸಿಲ್ಲ, ಕ್ಷಮಿಸಿ! ಆ ವಿವರಣೆ ಬಹಳ ಹಳೆಯದು, ಎಲ್ಲ ಕಡೆ ಸಿಗುತ್ತದೆ. ಆದರೆ ಪರ್ಷಿಯನ್ನಿನಲ್ಲೇ ‘ಮಾತ್’ ಇದೆ: ದಿಕ್ಕು ತೋಚದವನು, ಕೈಸೋತವನು ಅಂತ ಅರ್ಥ. ಚೆಸ್‌ನಲ್ಲಿ ರಾಜನನ್ನು ಕೊಲ್ಲುವುದೇ ಇಲ್ಲವಲ್ಲ. ಬೇರೆ ಎಲ್ಲ ಕಾಯಿಗಳನ್ನೂ ಹೊಡೆದು ಎತ್ತಿಡುತ್ತೇವೆ, ರಾಜ ಮಾತ್ರ ಎಲ್ಲಿಗೂ ಹೋಗಲಾರದೆ ನಿಂತ ಜಾಗದಲ್ಲೇ ಆಟ ಮುಗಿಯುತ್ತದೆ. ಸತ್ತ ಅನ್ನುವುದಕ್ಕಿಂತ ಕೈಸೋತ ಅನ್ನುವುದೇ ಆಟಕ್ಕೆ ಹೊಂದುತ್ತದೆ. ಅರಬ್ಬಿ ಮಾತಾಡುವವರ ಕಿವಿಗೆ ಅದು ‘ಸತ್ತ’ ಅಂತ ಕೇಳಿಸಿದ್ದರಲ್ಲಿ ಆಶ್ಚರ್ಯ ಏನಿಲ್ಲ.

ಗೆರೆಪುಸ್ತಕ ಅವರಿಗೆ: ನೀವು ಹುಡುಕುತ್ತಿದ್ದ ಬಾವಲಿ ಥರದ ಉದಾಹರಣೆ ಚೆಕ್‌ಮೇಟ್‌ನ ಎರಡನೇ ತುಂಡಿನಲ್ಲಿ ಸಿಗುತ್ತದೆ. ಗೆಳೆಯ ಅನ್ನುವ ಅರ್ಥದ ‘ಮೇಟ್’ಗೂ ಈ ಮೇಟ್‌ಗೂ ಏನೂ ಸಂಬಂಧ ಇಲ್ಲ. ಗೆಳೆಯ ಮೇಟ್ ಉತ್ತರ ಜರ್ಮನಿ ಕಡೆಯ ಭಾಷೆಯಿಂದ ಬಂದವನು, ಜೊತೆಯಲ್ಲಿ ಕೂತು ಉಣ್ಣುವವನು ಅಂತ ಅರ್ಥ. ಮಾಂಸಕ್ಕೆ ಇಂಗ್ಲಿಷಿನಲ್ಲಿ ‘ಮೀಟ್’ ಅನ್ನುತ್ತಾರಲ್ಲ, ಹಿಂದೆ ಅದು ಎಲ್ಲ ಥರದ ಊಟಕ್ಕೂ ಸಲ್ಲುತ್ತಿತ್ತು, ಅದರ ಬಳಗದವನು.

ಸುಮ್ನೆ_ಓದುವವ:

ನಾನು ಚೆಸ್‌ನಲ್ಲಿ ಸೋಲುವುದು ಯಾವಾಗಲೂ ಜೊತೆಯಲ್ಲಿ ಕೂತು ಉಣ್ಣುವವನ ಕೈಲೇ. ಈ ಸಂಬಂಧವನ್ನು ನಿಘಂಟಿಗೆ ಸೇರಿಸಿ ಗುಮಾಸ್ತರೇ.